ನೊಣ ಸಾಯದಿದ್ದರೆ ಪರೀಕ್ಷೆ ಮುಗಿಯಿತೇ? ಕಳೆನಾಶಕದ ಸ್ಪರ್ಶವಿಷ ಅಳೆಯುವ ಬಗೆ

ಕೀಟನಾಶಕವನ್ನು ಜೇನುನೊಣದ ಮೇಲೆ ಪರೀಕ್ಷಿಸುವುದು ಒಂದು ಲೆಕ್ಕದಲ್ಲಿ ಸುಲಭ. ಡೋಸ್ ಏರಿಸುತ್ತಾ ಹೋದರೆ ನೊಣಗಳು ಸಾಯುತ್ತವೆ, ನಕ್ಷೆಯಲ್ಲಿ ಗೆರೆ ಏರುತ್ತದೆ, ಅಂಕಿ ಸಿಗುತ್ತದೆ. ಕಳೆನಾಶಕದ್ದು ಹಾಗಲ್ಲ. ಬಹುಪಾಲು ಸಲ 48 ಗಂಟೆ ಕಳೆದ ಮೇಲೂ ನೊಣಗಳು ಪಂಜರದಲ್ಲಿ ಆರಾಮಾಗಿ ಓಡಾಡಿಕೊಂಡು, ಪಾಕ ಹೀರಿಕೊಂಡು ಇರುತ್ತವೆ. ಔಷಧಿ ನೊಣಕ್ಕೆ ನಿಜಕ್ಕೂ ತಾಗುವುದಿಲ್ಲವೋ ಅಥವಾ ಔಷಧಿಯೇ ನೊಣದ ಮೈ ಮುಟ್ಟಲಿಲ್ಲವೋ ಎಂಬುದು ಬರೀ ನೋಡಿದರೆ ಗೊತ್ತಾಗುವುದಿಲ್ಲ. ಈ ಪರೀಕ್ಷೆಯ ಕಟ್ಟುಪಾಡುಗಳಲ್ಲಿ ಅರ್ಧಕ್ಕರ್ಧ ಇರುವುದು ಈ ಎರಡನೆಯ ಅನುಮಾನವನ್ನು ತೆಗೆದುಹಾಕಲಿಕ್ಕೆ.

ಗಿಡ ಕೊಲ್ಲುವ ಔಷಧಿಗೆ ನೊಣದ ಪರೀಕ್ಷೆ ಯಾಕೆ ಎಂದು ಕೇಳುವವರಿದ್ದಾರೆ. ಗ್ಲೈಫೋಸೇಟ್ ಎಂಬ ಕಳೆನಾಶಕ ತಡೆಯುವ ಇಪಿಎಸ್‌ಪಿ ಸಿಂಥೇಸ್ ಎಂಬ ಕಿಣ್ವ ಪ್ರಾಣಿಗಳಲ್ಲಿ ಇಲ್ಲ. ಅಟ್ರಜಿನ್ ತಡೆಯುವ ದ್ಯುತಿಸಂಶ್ಲೇಷಣೆಯ ವ್ಯವಸ್ಥೆ ನೊಣಕ್ಕೆ ಮೊದಲೇ ಇಲ್ಲ. ಹಾಗಂತ ಎಲ್ಲ ಕಳೆನಾಶಕವೂ ಗಿಡದ ಅಂಗಕ್ಕೆ ಮಾತ್ರ ಗುರಿಯಿಡುವುದಿಲ್ಲ. ಹಳೆಯ ಡಿಎನ್‌ಒಸಿ ಮತ್ತು ಡೈನೊಸೆಬ್ ಮೈಟೊಕಾಂಡ್ರಿಯದ ಶಕ್ತಿ ತಯಾರಿಕೆಯನ್ನೇ ಕೆಡಿಸುವಂಥವು. ಮೈಟೊಕಾಂಡ್ರಿಯ ಗಿಡಕ್ಕೂ ಇದೆ, ನೊಣಕ್ಕೂ ಇದೆ. ಡಿಎನ್‌ಒಸಿಯನ್ನು ಕಳೆಗೆ ಬಳಸುವ ಮೊದಲು ಕೀಟನಾಶಕವಾಗಿಯೇ ಬಳಸುತ್ತಿದ್ದರು. ಡಬ್ಬದ ಮೇಲೆ ಕಳೆನಾಶಕ ಎಂದು ಬರೆದಿರುವುದು ಅದರ ಬಳಕೆಯನ್ನು ಹೇಳುತ್ತದೆ, ನೊಣಕ್ಕೆ ಅದು ಏನು ಮಾಡುತ್ತದೆ ಎಂಬುದನ್ನಲ್ಲ. ಇದಲ್ಲದೆ ಎಲೆಗೆ ಅಂಟಲು, ಹರಡಲು ಬೆರೆಸಿದ ಸರ್ಫ್ಯಾಕ್ಟಂಟ್‌ಗಳಿವೆ. ಅವುಗಳ ವಿಷಯ ಮುಂದೆ ಬರುತ್ತದೆ.

ಮೈಗೆ ತಾಗುವ ವಿಷಕ್ಕೆ ಎಲ್ಲೆಡೆ ಅನುಸರಿಸುವ ವಿಧಾನ ಒಇಸಿಡಿಯ (ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ) 214ನೇ ಮಾರ್ಗಸೂಚಿ, 1998ರದ್ದು. ಬಾಯಿಂದ ಒಳಹೋಗುವ ವಿಷಕ್ಕೆ ಅದೇ ವರ್ಷದ 213 ಇದೆ. 214ರ ಸಾರ ಸರಳ: ಪ್ರತಿ ನೊಣದ ಎದೆಯ ಬೆನ್ನಿನ ಕಡೆಗೆ 1 ಮೈಕ್ರೋಲೀಟರ್ ದ್ರಾವಣ ಇಡಬೇಕು, ಹತ್ತತ್ತು ನೊಣಗಳನ್ನು ಒಂದೊಂದು ಪಂಜರಕ್ಕೆ ಹಾಕಬೇಕು, 25 ಡಿಗ್ರಿ ಸೆಲ್ಸಿಯಸ್‌ನಲ್ಲಿ (2 ಡಿಗ್ರಿ ಹೆಚ್ಚುಕಡಿಮೆ) ಕತ್ತಲಲ್ಲಿ ಇಟ್ಟು 4, 24 ಮತ್ತು 48 ಗಂಟೆಗೆ ಎಣಿಸಬೇಕು. ತೇವಾಂಶ ಶೇ 50ರಿಂದ 70ರ ನಡುವೆ ಇರಬೇಕು. ಪ್ರತಿ ಡೋಸಿಗೆ ಕನಿಷ್ಠ ಮೂರು ಪಂಜರ, ಅಂದರೆ 30 ನೊಣ. ಸಾವಿನ ಪ್ರಮಾಣ ಹೇಗೆ ಏರುತ್ತದೆಂದು ನೋಡುವುದಾದರೆ ಐದು ಡೋಸ್ ಬೇಕು, ಒಂದಕ್ಕೂ ಇನ್ನೊಂದಕ್ಕೂ 2.2 ಪಟ್ಟಿಗಿಂತ ಹೆಚ್ಚು ಅಂತರ ಇರಕೂಡದು. ನೊಣ ಸಾಯಲಾರದು ಎಂಬ ಅಂದಾಜಿದ್ದರೆ ಒಂದೇ ಡೋಸ್ ಸಾಕು: ನೊಣಕ್ಕೆ 100 ಮೈಕ್ರೋಗ್ರಾಂ ಸಕ್ರಿಯಾಂಶ, ಅಂದರೆ ಉತ್ಪನ್ನದಲ್ಲಿ ಕಳೆ ಕೊಲ್ಲುವ ಮೂಲ ರಾಸಾಯನಿಕ. ಇದಕ್ಕೆ ಮಿತಿ ಪರೀಕ್ಷೆ ಎನ್ನುತ್ತಾರೆ, ಕಳೆನಾಶಕಗಳಲ್ಲಿ ಹೆಚ್ಚಿನವು ಇಲ್ಲಿಗೇ ಮುಗಿಯುತ್ತವೆ.

100 ಮೈಕ್ರೋಗ್ರಾಂ ಎಂದರೆ ಚಿಲ್ಲರೆ ಅಂಕಿಯಂತೆ ಕೇಳಿಸಬಹುದು. ಕೆಲಸಗಾರ ನೊಣದ ತೂಕ ಸುಮಾರು 100 ಮಿಲಿಗ್ರಾಂ. ಹಾಗಾಗಿ ಇದು ಕಿಲೋಗ್ರಾಂ ಮೈತೂಕಕ್ಕೆ 1 ಗ್ರಾಂ. 60 ಕಿಲೋ ತೂಗುವವರ ಮೈಗೆ 60 ಗ್ರಾಂ ಶುದ್ಧ ಔಷಧಿ ಬಳಿದ ಲೆಕ್ಕ.

ತೊಂದರೆ ಶುರುವಾಗುವುದೂ ಈ ಅಂಕಿಯಿಂದಲೇ. 1 ಮೈಕ್ರೋಲೀಟರ್ ಹನಿಯಲ್ಲಿ 100 ಮೈಕ್ರೋಗ್ರಾಂ ಇರಬೇಕೆಂದರೆ ದ್ರಾವಣದ ಸಾಂದ್ರತೆ ಲೀಟರಿಗೆ 100 ಗ್ರಾಂ ಆಗಬೇಕು. ಅಸಿಟೋನಿನಲ್ಲಿ ಚೆನ್ನಾಗಿ ಕರಗುವ ಔಷಧಿಯಾದರೆ ಸರಿ. ಮಾರ್ಗಸೂಚಿಯ ಮೊದಲ ಆಯ್ಕೆಯೂ ಅಸಿಟೋನೇ, ಬೇಗ ಆರುತ್ತದೆ, ನೊಣಕ್ಕೆ ಹೆಚ್ಚು ತಾಗುವುದಿಲ್ಲ. ಆದರೆ ಗ್ಲೈಫೋಸೇಟ್ ಆಮ್ಲವನ್ನು ಅಸಿಟೋನಿಗೆ ಹಾಕಿದರೆ ತಳದಲ್ಲಿ ಬಿಳಿ ಪುಡಿಯಾಗಿ ಕೂತುಬಿಡುತ್ತದೆ. ನೀರಿನಲ್ಲಿ ಲೀಟರಿಗೆ 10-12 ಗ್ರಾಂ ಕರಗಿದರೆ ಹೆಚ್ಚು. ಹನಿಯನ್ನು 5 ಮೈಕ್ರೋಲೀಟರಿಗೆ ಏರಿಸಿದರೂ ಲೀಟರಿಗೆ 20 ಗ್ರಾಂ ಬೇಕು, ಆಗಲೂ ಸಾಲದು. ಹಾಗಾಗಿ ಐಸೊಪ್ರೊಪೈಲಮೀನ್ ಲವಣವನ್ನೋ ಪೊಟ್ಯಾಸಿಯಮ್ ಲವಣವನ್ನೋ ತೆಗೆದುಕೊಂಡು ಆಮ್ಲದ ಲೆಕ್ಕದಲ್ಲಿ ಡೋಸ್ ಕಟ್ಟಬೇಕು. ಕರಗದೆ ಉಳಿದ ಪುಡಿಯನ್ನು ಕುಲುಕಿ ಕುಲುಕಿ ಹನಿಯಿಡುವ ದಾರಿಯೂ ಇದೆ. ನನ್ನ ಮಟ್ಟಿಗೆ ಅದು ಕೊನೆಯ ಆಯ್ಕೆ. ಕಣಗಳು ಸಿರಿಂಜಿನೊಳಗೇ ಕೆಳಗಿಳಿಯುತ್ತವೆ, ಮೊದಲ ನೊಣಕ್ಕೆ ಬಿದ್ದದ್ದು ಮೂವತ್ತನೆಯದಕ್ಕೆ ಬೀಳುವುದಿಲ್ಲ.

ಲವಣ, ಆಮ್ಲ, ಉತ್ಪನ್ನ ಈ ಮೂರರ ಲೆಕ್ಕದಲ್ಲಿ ಎಡವುವವರು ಬಹಳ. ಶೇ 41ರ ಗ್ಲೈಫೋಸೇಟ್ ದ್ರವವನ್ನೇ ನೋಡಿ. ಈ ಶೇ 41 ತೂಕದ ಲೆಕ್ಕ, ಅದೂ ಐಸೊಪ್ರೊಪೈಲಮೀನ್ ಲವಣದ್ದು. ದ್ರವದ ಸಾಂದ್ರತೆ ಮಿಲಿಲೀಟರಿಗೆ ಸುಮಾರು 1.17 ಗ್ರಾಂ. ಹಾಗಾಗಿ ಲೀಟರಿನಲ್ಲಿ ಲವಣ 480 ಗ್ರಾಂ, ಆಮ್ಲದ ಲೆಕ್ಕಕ್ಕೆ 360 ಗ್ರಾಂ. 10 ಮಿಲಿಲೀಟರ್ ಫ್ಲಾಸ್ಕಿನಲ್ಲಿ ಲೀಟರಿಗೆ 100 ಗ್ರಾಂ ಆಮ್ಲದ ದ್ರಾವಣ ಮಾಡಲು ಉತ್ಪನ್ನ 2.78 ಮಿಲಿಲೀಟರ್ ಬೇಕು. 480ನ್ನು ಆಮ್ಲವೆಂದು ತಿಳಿದು 2.08 ಮಿಲಿಲೀಟರ್ ಹಾಕಿದರೆ ನೊಣಕ್ಕೆ ಬೀಳುವುದು 75 ಮೈಕ್ರೋಗ್ರಾಂ ಮಾತ್ರ, ವರದಿಯಲ್ಲಿ ಮಾತ್ರ 100 ಎಂದಿರುತ್ತದೆ. ಇನ್ನೊಂದು ಮಾತು: ಈ ದ್ರವ ಮಂದವಾಗಿ ಪಿಪೆಟ್ಟಿನ ಗೋಡೆಗೆ ಅಂಟಿಕೊಳ್ಳುತ್ತದೆ. ಅಳೆಯುವ ಬದಲು 3.25 ಗ್ರಾಂ ತೂಗಿ ಹಾಕಿದರೆ ತಲೆನೋವು ತಪ್ಪುತ್ತದೆ.

ಶುದ್ಧ ಸಕ್ರಿಯಾಂಶವನ್ನು ಪರೀಕ್ಷಿಸಬೇಕೋ, ಮಾರಾಟದ ಉತ್ಪನ್ನವನ್ನೋ? ಎರಡನ್ನೂ ಮಾಡಬೇಕು ಎನ್ನುವುದೇ ಸರಿಯಾದ ಉತ್ತರ, ಯಾಕೆಂದರೆ ಹೊಲದಲ್ಲಿ ನೊಣದ ಮೈಗೆ ಬೀಳುವುದು ಉತ್ಪನ್ನ. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬಂಬಲ್‌ಬೀಗಳ ಮೇಲೆ ಕೆಲವು ಕಳೆನಾಶಕ ಉತ್ಪನ್ನಗಳನ್ನು ನೇರವಾಗಿ ಸಿಂಪಡಿಸಿದಾಗ ಹಲವು ಸತ್ತವು. ಗ್ಲೈಫೋಸೇಟ್ ಇಲ್ಲದ ಉತ್ಪನ್ನವೂ ಕೊಂದಿತ್ತು. ಹಾಗಾಗಿ ಬೆರಳು ತಿರುಗಿದ್ದು ಬೆರಕೆ ವಸ್ತುಗಳ ಕಡೆಗೆ. ನೊಣ ಉಸಿರಾಡುವುದು ಮೈ ಪಕ್ಕದ ರಂಧ್ರಗಳಿಂದ. ಶುದ್ಧ ನೀರು ಅದರ ಕೂದಲಿನ ಮೇಲೆ ಮಣಿಯಂತೆ ನಿಲ್ಲುತ್ತದೆ, ಸರ್ಫ್ಯಾಕ್ಟಂಟ್ ಬೆರೆತ ನೀರು ಕೂದಲನ್ನು ಒದ್ದೆ ಬಟ್ಟೆಯಂತೆ ಅಂಟಿಸಿ ಆ ರಂಧ್ರಗಳತ್ತ ಹರಿಯುತ್ತದೆ. ಉತ್ಪನ್ನವನ್ನು ಪರೀಕ್ಷಿಸುವಾಗ ಸಕ್ರಿಯಾಂಶವಿಲ್ಲದ ಖಾಲಿ ಬೆರಕೆ ಸಿಕ್ಕರೆ ಅದಕ್ಕೂ ಒಂದು ಗುಂಪು ಇಡಬೇಕು. ಇಲ್ಲದಿದ್ದರೆ ಸಾವು ಯಾವುದರ ಖಾತೆಗೆ ಎಂದು ಹೇಳಲಾಗದು.

ಈಗ ಹನಿಯ ಮಾತು. ನೀರಿನ ದ್ರಾವಣವನ್ನು ಹಾಗೆಯೇ ಇಟ್ಟರೆ ಹನಿ ಕೂದಲ ಮೇಲೆ ಗುಂಡಗೆ ಕೂತು, ನೊಣವನ್ನು ಸ್ವಲ್ಪ ಓರೆ ಮಾಡಿದರೂ ಉರುಳಿ ಕಾಗದಕ್ಕೆ ಬೀಳುತ್ತದೆ. ಅದಕ್ಕೇ ಟ್ವೀನ್ ಅಥವಾ ಟ್ರೈಟಾನ್‌ನಂಥ ಒದ್ದೆಕಾರಕವನ್ನು ತೆಳುವಾಗಿ, ಶೇ 0.1ರಷ್ಟು, ಬೆರೆಸುವುದು. ಹೆಚ್ಚಾದರೆ ಮೇಲೆ ಹೇಳಿದ ಹಾಗೆ ಅದೇ ಕೊಲ್ಲುತ್ತದೆ. ಹದ ಬಂದ ಹನಿ ಹೇಗಿರುತ್ತದೆ ಎಂದರೆ, ಎದೆಯ ನಡುವಿನ ಬೋಳು ಜಾಗಕ್ಕೆ ಸೂಜಿ ತಾಗಿಸಿದ ಕೂಡಲೇ ಹೊಳೆಯುವ ಮಣಿ ಕ್ಷಣ ನಿಂತು, ಮೆಲ್ಲಗೆ ಚಪ್ಪಟೆಯಾಗಿ, ಸುತ್ತಲ ಕೂದಲು ಕಪ್ಪಗಾಗುತ್ತಾ ಇಂಗುತ್ತದೆ. ರೆಕ್ಕೆಯ ಬುಡಕ್ಕೋ ಕುತ್ತಿಗೆಯ ಸಂದಿಗೋ ಜಾರಿದರೆ ಆ ನೊಣವನ್ನು ತೆಗೆದು ಬೇರೆ ನೊಣ ಹಾಕುವುದೇ ಮೇಲು. ಎದೆಯ ಮೊದಲ ಉಸಿರುರಂಧ್ರ ಅಲ್ಲೇ ಪಕ್ಕದಲ್ಲಿದೆ.

ಹನಿಯ ಅಳತೆಗೆ 50 ಮೈಕ್ರೋಲೀಟರ್ ಗಾಜಿನ ಸಿರಿಂಜು, ಅದಕ್ಕೆ ಗುಂಡಿ ಒತ್ತಿದಷ್ಟಕ್ಕೂ ಐವತ್ತರಲ್ಲಿ ಒಂದು ಪಾಲು ತಳ್ಳುವ ಸಾಧನ, ತುದಿ ಚೂಪಿಲ್ಲದ ಸೂಜಿ ಇದ್ದರೆ ಸಾಕು. ಕೆಲಸಕ್ಕೆ ಮೊದಲು ಅದನ್ನು ತೂಗಿ ನೋಡಬೇಕು: ಮುಚ್ಚಳದ ಚಿಕ್ಕ ಬಾಟಲಿಗೆ 50 ಹನಿ ನೀರು ಹಾಕಿದರೆ 50 ಮಿಲಿಗ್ರಾಂ ಬರಬೇಕು. ಅಸಿಟೋನಿನಲ್ಲಿ ತೂಗಲು ಹೋಗಬೇಡಿ, ತಕ್ಕಡಿಯ ಮುಂದೆ ಕೂತಂತೆಯೇ ಅಂಕಿ ಇಳಿಯುತ್ತಾ ಹೋಗುತ್ತದೆ. ಹಾಗೆ ಆರುವ ಗುಣ ದ್ರಾವಣದ ಬಾಟಲಿಗೂ ತಪ್ಪಿದ್ದಲ್ಲ. ಮುಚ್ಚಳ ತೆಗೆದಿಟ್ಟು ಅರ್ಧ ಗಂಟೆ ಕೆಲಸ ಮಾಡಿದರೆ ಸಾಂದ್ರತೆ ಏರುತ್ತದೆ. ಬಾಟಲಿಯನ್ನು ಮಂಜುಗಡ್ಡೆಯ ಮೇಲಿಟ್ಟು, ಸಿರಿಂಜು ತುಂಬಿದ ಕೂಡಲೇ ಮುಚ್ಚಬೇಕು. ಡೋಸುಗಳನ್ನು 100, 50, 25, 12.5, 6.25 ಎಂದು ಅರ್ಧರ್ಧ ಮಾಡುತ್ತಾ ಬಂದಿದ್ದರೆ ಹನಿಯಿಡುವಾಗ ಕ್ರಮ ತಿರುವುಮುರುವಾಗಲಿ: ಮೊದಲು ನಿಯಂತ್ರಣ ಗುಂಪು (ಔಷಧಿ ಹಾಕದೆ ಹೋಲಿಕೆಗೆ ಇಡುವ ನೊಣಗಳು), ಆಮೇಲೆ ಚಿಕ್ಕ ಡೋಸಿನಿಂದ ದೊಡ್ಡದಕ್ಕೆ.

ನೊಣಗಳನ್ನು ಆರೋಗ್ಯವಾಗಿರುವ, ರಾಣಿ ಇರುವ, ಹೊಟ್ಟೆ ತುಂಬಿದ ಕುಟುಂಬದಿಂದ ತರಬೇಕು. ವರೋವಾ ನುಸಿಗೋ ರೋಗಕ್ಕೋ ಔಷಧಿ ಹಾಕಿ ನಾಲ್ಕು ವಾರ ಆಗಿರದಿದ್ದರೆ ಆ ಪೆಟ್ಟಿಗೆ ಬೇಡ. ಬೇಕಾದದ್ದು ಎಳೆಯ ವಯಸ್ಕ ಕೆಲಸಗಾರ ನೊಣಗಳು, ಎಲ್ಲವೂ ಒಂದೇ ಮೂಲದ್ದು, ಹೆಚ್ಚುಕಡಿಮೆ ಒಂದೇ ವಯಸ್ಸಿನವು. ಪೆಟ್ಟಿಗೆಯ ಬಾಗಿಲಲ್ಲಿ ಹಿಡಿದ ಮೇವಿನ ನೊಣಗಳಲ್ಲಿ ಎಷ್ಟೋ ಆಯುಸ್ಸಿನ ಕೊನೆಗೆ ಬಂದಿರುತ್ತವೆ, ಅವು ಪಂಜರದಲ್ಲಿ ತಾವಾಗಿಯೇ ಸಾಯುತ್ತವೆ. ಚಳಿಗಾಲದ ಮುಂಚೆ ಮತ್ತು ಅದು ಕಳೆದ ಕೂಡಲೇ ಸಿಗುವ ನೊಣಗಳ ಮೈಯ ಸ್ಥಿತಿಯೇ ಬೇರೆ. ಬೇರೆ ದಾರಿ ಇಲ್ಲವೆಂದರೆ ಮುಚ್ಚಿದ ಮರಿಗಳ ಎರಿಯನ್ನು ಇನ್‌ಕ್ಯುಬೇಟರಿನಲ್ಲಿಟ್ಟು, ಹೊರಬಂದ ನೊಣಗಳನ್ನು ಪರಾಗ, ಸಕ್ಕರೆ ಪಾಕ ಕೊಟ್ಟು ಒಂದು ವಾರ ಸಾಕಿ ಬಳಸಬಹುದು. ಈ ವಿಧಾನ ಕಟ್ಟಿದ್ದು ಎಪಿಸ್ ಮೆಲ್ಲಿಫೆರಾ ನೊಣದ ಮೇಲೆ. ತುಡುವೆ ಜೇನಿನ ಮೇಲೆ ಮಾಡುವವರು ನೊಣ ಚಿಕ್ಕದು ಎಂಬುದನ್ನು ಮರೆಯಬಾರದು, ಮೈತೂಕವನ್ನೂ ವರದಿಯಲ್ಲಿ ಬರೆಯಬೇಕು.

ಅರಿವಳಿಕೆಗೆ ಇಂಗಾಲದ ಡೈಆಕ್ಸೈಡ್ ಅಥವಾ ಸಾರಜನಕ. ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಹತ್ತು ನೊಣ ಮಲಗಿ ಸುಮ್ಮನಾದ ಕೂಡಲೇ ಅನಿಲ ನಿಲ್ಲಿಸಿ, ಹನಿಯಿಟ್ಟು, ಪಂಜರಕ್ಕೆ ಹಾಕಿ ಮುಗಿಸಬೇಕು. ಒಂದೇ ಸಲ ಎಲ್ಲ 30 ನೊಣ ಮಲಗಿಸಿದರೆ ಕೊನೆಯವು ಏಳುವ ಹೊತ್ತಿಗೆ ಮತ್ತೆ ಅನಿಲ ಬೇಕಾಗುತ್ತದೆ. ಹೆಚ್ಚು ಹೊತ್ತು ಅನಿಲದಲ್ಲಿದ್ದ ನೊಣಗಳು ಹೊಟ್ಟೆಯ ಮಕರಂದ ಕಕ್ಕಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಔಷಧಿಯ ಗುಂಪಿಗೂ ನಿಯಂತ್ರಣದ ಗುಂಪಿಗೂ ಅನಿಲದ ಹೊತ್ತು ಒಂದೇ ಇರಬೇಕು, ಗಡಿಯಾರ ಹಿಡಿದೇ.

ಪಂಜರ ಯಾವುದಾದರೂ ಆದೀತು: ಸ್ಟೀಲ್ ಜಾಲರಿ, ಪ್ಲಾಸ್ಟಿಕ್, ಬಳಸಿ ಬಿಸಾಡುವ ಮರದ ಡಬ್ಬಿ. ಆದರೆ ಪಾಕದ ವಿಷಯದಲ್ಲಿ ಉದಾಸೀನ ಸಲ್ಲದು. ಬೇಕಾದದ್ದು ಲೀಟರಿಗೆ 500 ಗ್ರಾಂ ಸಕ್ಕರೆ, ಎಂದರೆ 500 ಗ್ರಾಂ ಸಕ್ಕರೆಗೆ ನೀರು ಹಾಕುತ್ತಾ ಒಟ್ಟು ಒಂದು ಲೀಟರ್ ಮಾಡುವುದು. 500 ಗ್ರಾಂ ಸಕ್ಕರೆಗೆ ಒಂದು ಲೀಟರ್ ನೀರು ಸುರಿದರೆ ಪಾಕ ತೆಳುವಾಗುತ್ತದೆ. ನಿಯಂತ್ರಣ ಗುಂಪಿನ ನೊಣಗಳು ಸುಮ್ಮಸುಮ್ಮನೆ ಸತ್ತರೆ ಔಷಧಿ ಸೋಂಕಿರಬಹುದು ಎಂದು ಎಲ್ಲರೂ ಮೊದಲು ಸಿರಿಂಜನ್ನು ಅನುಮಾನಿಸುತ್ತಾರೆ. ಪಾಕದ ಕೊಳವೆಯನ್ನೂ ನೋಡಿ. ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಪಾಕವನ್ನು ತುಂಬಿ 25 ಡಿಗ್ರಿಯ ಇನ್‌ಕ್ಯುಬೇಟರಿಗೆ ಇಟ್ಟರೆ ಕೊಳವೆಯೊಳಗಿನ ಗಾಳಿ ಹಿಗ್ಗಿ ಪಾಕವನ್ನು ಕೆಳಗೆ ತಳ್ಳುತ್ತದೆ. ಬೆಳಗಾಗುವ ಹೊತ್ತಿಗೆ ಪಂಜರದ ತಳ ಅಂಟಂಟು, ಅದರಲ್ಲಿ ನಾಲ್ಕಾರು ನೊಣ ಮಗುಚಿಕೊಂಡಿರುತ್ತವೆ. ಪಾಕವನ್ನು ಮೊದಲೇ ಆ ಉಷ್ಣತೆಗೆ ತಂದು ತುಂಬಿದರೆ ಈ ಕಾಟ ಇಲ್ಲ.

ಇನ್ನು ಡೈಮಿಥೋಯೇಟ್. ಕಳೆನಾಶಕದ ಪರೀಕ್ಷೆಗೆ ಜೀವ ಕೊಡುವುದು ಈ ಕೀಟನಾಶಕವೇ. ಪರೀಕ್ಷೆ ನೆಟ್ಟಗಿದೆಯೇ ಎಂದು ನೋಡಲು ಬೇರೆ ಗುಂಪಿನ ನೊಣಗಳಿಗೆ ಇದನ್ನು ಹಾಕುತ್ತಾರೆ. ಇದರ 24 ಗಂಟೆಯ ಸ್ಪರ್ಶ ಎಲ್‌ಡಿ50, ಅಂದರೆ ಅರ್ಧದಷ್ಟು ನೊಣಗಳನ್ನು ಕೊಲ್ಲುವ ಡೋಸ್, ನೊಣಕ್ಕೆ 0.10ರಿಂದ 0.30 ಮೈಕ್ರೋಗ್ರಾಂ ನಡುವೆ ಬರಬೇಕು. ಬಂದರೆ ಹನಿ ಸರಿಯಾಗಿ ಬಿದ್ದಿದೆ, ನೊಣಗಳು ಅತಿ ಗಟ್ಟಿಯೂ ಅಲ್ಲ, ಸೊರಗಿದವೂ ಅಲ್ಲ, ಎಣಿಕೆ ನೆಟ್ಟಗಿದೆ ಎಂದು ಒಂದೇ ಏಟಿಗೆ ತಿಳಿಯುತ್ತದೆ. ಬಾರದಿದ್ದರೆ ಕಳೆನಾಶಕದ ಗುಂಪಿನಲ್ಲಿ ಒಂದೂ ಸಾಯಲಿಲ್ಲ ಎಂಬ ಮಾತಿಗೆ ಬೆಲೆ ಇಲ್ಲ. ಮಾರ್ಗಸೂಚಿ ಕನಿಷ್ಠ ಮೂರು ಡೋಸ್ ಕೇಳುತ್ತದೆ. 0.05, 0.1, 0.2, 0.4 ಎಂದು ನಾಲ್ಕು ಇಟ್ಟರೆ ಗೆರೆ ಚೆನ್ನಾಗಿ ಕೂರುತ್ತದೆ. 20 ಮಿಲಿಗ್ರಾಂ ಡೈಮಿಥೋಯೇಟನ್ನು 50 ಮಿಲಿಲೀಟರ್ ಅಸಿಟೋನಿನಲ್ಲಿ ಕರಗಿಸಿದರೆ ಮೈಕ್ರೋಲೀಟರಿಗೆ 0.4 ಮೈಕ್ರೋಗ್ರಾಂ ಸಿಗುತ್ತದೆ, ಶುದ್ಧತೆ ಶೇ 98 ಆದರೆ 20.4 ಮಿಲಿಗ್ರಾಂ ತೂಗಬೇಕು. ಮುಂದಿನವು ಅರ್ಧರ್ಧ. ಇದಕ್ಕೆ ಬೇರೆ ಸಿರಿಂಜು, ಬೇರೆ ಚಿಮಟ, ಸಾಧ್ಯವಾದರೆ ಬೇರೆ ಕೋಣೆ, ಮತ್ತು ದಿನದ ಕೊನೆಯ ಕೆಲಸ ಇದೇ ಆಗಲಿ. ಚಿಮಟದ ತುದಿಯಲ್ಲಿ ಉಳಿದ ತೇವವೇ ಪಕ್ಕದ ಪಂಜರಕ್ಕೆ ಸಾಕು.

ನಿಯಂತ್ರಣ ಗುಂಪುಗಳು ಎರಡು ಬೇಕು: ಬರೀ ನೀರಿನದ್ದು ಒಂದು, ಅಸಿಟೋನ್ ಅಥವಾ ಒದ್ದೆಕಾರಕದ್ದು ಇನ್ನೊಂದು. ನಿಯಂತ್ರಣದ ನೊಣಗಳ ಸರಾಸರಿ ಸಾವು ಪರೀಕ್ಷೆಯ ಕೊನೆಗೆ ಶೇ 10 ಮೀರಿದರೆ ಪರೀಕ್ಷೆ ಬಿತ್ತು, ವಾದ ಬೇಡ.

ಎಣಿಸುವಾಗ ಕೆಂಪು ಬೆಳಕು ಹಿಡಿದರೆ ನೊಣ ಗಾಬರಿಯಾಗುವುದಿಲ್ಲ. ಪಂಜರಗಳ ಮೇಲೆ ಡೋಸ್ ಬರೆಯದೆ ಗುರುತಿನ ಸಂಖ್ಯೆ ಮಾತ್ರ ಹಾಕಿ. ಮುಟ್ಟಿದರೂ ಕಾಲು, ಮೀಸೆ ಅಲುಗದಿದ್ದರೆ ಸತ್ತಿದೆ ಎಂದು ಲೆಕ್ಕ. ಬೆನ್ನ ಮೇಲೆ ಬಿದ್ದು ಕಾಲಾಡಿಸುವುದು, ತೂರಾಡುವುದು, ನಡುಗುವುದು, ಮೂಲೆಯಲ್ಲಿ ಮಂಕಾಗಿ ಕೂರುವುದು, ಇವನ್ನೆಲ್ಲ ಬೇರೆ ಕಾಲಮ್ಮಿನಲ್ಲಿ ಬರೆಯಬೇಕು. ಕಳೆನಾಶಕದಲ್ಲಿ ಹೇಳಿಕೊಳ್ಳುವಂಥದ್ದು ಸಿಗುವುದು ಹೆಚ್ಚಾಗಿ ಈ ಕಾಲಮ್ಮಿನಲ್ಲೇ. 24 ಮತ್ತು 48 ಗಂಟೆಯ ನಡುವೆ ಔಷಧಿಯ ಗುಂಪಿನಲ್ಲಿ ಸಾವು ಏರುತ್ತಿದ್ದು ನಿಯಂತ್ರಣ ಶೇ 10ರ ಒಳಗಿದ್ದರೆ 96 ಗಂಟೆಯವರೆಗೆ ಮುಂದುವರಿಸಬಹುದು.

ಲೆಕ್ಕ ದೊಡ್ಡದೇನಲ್ಲ. ಔಷಧಿಯ 30ರಲ್ಲಿ 18 ಸತ್ತರೆ ಶೇ 60. ನಿಯಂತ್ರಣದ 30ರಲ್ಲಿ 2 ಸತ್ತರೆ ಶೇ 6.7. ಅಬಟ್ 1925ರಲ್ಲಿ ಕೊಟ್ಟ ಸೂತ್ರದಂತೆ 60ರಿಂದ 6.7 ಕಳೆದು, 100ರಿಂದ 6.7 ಕಳೆದದ್ದರಿಂದ ಭಾಗಿಸಿದರೆ ಶೇ 57.1. ಹೀಗೆ ತಿದ್ದಿದ ಅಂಕಿಗಳನ್ನು ಪ್ರೊಬಿಟ್ ವಿಶ್ಲೇಷಣೆಗೆ (ಡೋಸಿಗೂ ಸಾವಿಗೂ ಗೆರೆ ಕೂರಿಸುವ ಸಂಖ್ಯಾಶಾಸ್ತ್ರದ ವಿಧಾನ) ಕೊಟ್ಟರೆ ಎಲ್‌ಡಿ50 ಬರುತ್ತದೆ. ಮಿತಿ ಪರೀಕ್ಷೆಯಲ್ಲಿ ಪ್ರೊಬಿಟ್ ಬೇಡ, ಎಲ್‌ಡಿ50 100 ಮೈಕ್ರೋಗ್ರಾಂಗಿಂತ ಹೆಚ್ಚು ಎಂದಷ್ಟೇ ಬರೆಯುವುದು. ಇದನ್ನೇ ಕೆಲವರು 'ವಿಷ ಸೊನ್ನೆ' ಎಂದು ಓದುತ್ತಾರೆ. 30ರಲ್ಲಿ ಒಂದೂ ಸಾಯದಿದ್ದರೂ ನಿಜವಾದ ಸಾವಿನ ಪ್ರಮಾಣ ಶೇ 9-10ರವರೆಗೆ ಇರುವ ಸಾಧ್ಯತೆಯನ್ನು ಆ ಮೂವತ್ತು ನೊಣಗಳು ತಳ್ಳಿಹಾಕಲಾರವು. ನೊಣ ಹೆಚ್ಚಿಸದೆ ಈ ಅಂಕಿ ಇಳಿಯುವುದಿಲ್ಲ.

ಬಂದ ಅಂಕಿಯನ್ನು ಹೊಲಕ್ಕೆ ಹೋಲಿಸುವ ಬಗೆ ಒಂದೊಂದು ಕಡೆ ಒಂದೊಂದು. ಅಮೆರಿಕದ ಪರಿಸರ ಸಂಸ್ಥೆಯ ವರ್ಗೀಕರಣದಲ್ಲಿ ಎಲ್‌ಡಿ50 ನೊಣಕ್ಕೆ 2 ಮೈಕ್ರೋಗ್ರಾಂಗಿಂತ ಕಡಿಮೆಯಾದರೆ ತೀವ್ರ ವಿಷ, 11 ಅಥವಾ ಹೆಚ್ಚಾದರೆ ಬಹುತೇಕ ವಿಷವಲ್ಲ, ನಡುವಿನದು ಮಧ್ಯಮ. ಯೂರೋಪಿನಲ್ಲಿ ಬಹುಕಾಲ ನಡೆದದ್ದು ಅಪಾಯ ಭಾಗಲಬ್ಧ: ಹೆಕ್ಟೇರಿಗೆ ಹಾಕುವ ಗ್ರಾಂ ಅನ್ನು ಎಲ್‌ಡಿ50ಯಿಂದ ಭಾಗಿಸಿ, 50 ಮೀರಿದರೆ ಮುಂದಿನ ಹಂತದ ಪರೀಕ್ಷೆ. ಹೆಕ್ಟೇರಿಗೆ 1000 ಗ್ರಾಂ ಹಾಕುವ ಕಳೆನಾಶಕದ ಎಲ್‌ಡಿ50 100ಕ್ಕಿಂತ ಹೆಚ್ಚಿದ್ದರೆ ಭಾಗಲಬ್ಧ 10ಕ್ಕಿಂತ ಕಡಿಮೆ, ಸಲೀಸಾಗಿ ದಾಟುತ್ತದೆ.

ದಾಟಿದ್ದು ಈ ಒಂದು ಬಾಗಿಲು ಮಾತ್ರ. ಎರಡು ದಿನದಲ್ಲಿ ಸಾಯದ ನೊಣದ ಕರುಳಿನೊಳಗೆ ಏನಾಯಿತು ಎಂದು ಈ ಪರೀಕ್ಷೆ ನೋಡುವುದಿಲ್ಲ. ಇಪಿಎಸ್‌ಪಿ ಸಿಂಥೇಸ್ ನೊಣದಲ್ಲಿಲ್ಲ ಎಂದೆವಲ್ಲ, ಅದರ ಕರುಳಿನ ಬ್ಯಾಕ್ಟೀರಿಯಗಳಲ್ಲಿ ಇದೆ. ಗ್ಲೈಫೋಸೇಟ್ ತಿಂದ ನೊಣಗಳಲ್ಲಿ ಸ್ನಾಡ್‌ಗ್ರಾಸೆಲ್ಲ ಆಲ್ವಿ ಎಂಬ ಬ್ಯಾಕ್ಟೀರಿಯ ಕಡಿಮೆಯಾಗುವುದನ್ನು 2018ರ ಒಂದು ಅಧ್ಯಯನ ತೋರಿಸಿತು. ಅದನ್ನು ಹಿಡಿಯಲು ಬಾಯಿಂದ, ದಿನಗಟ್ಟಲೆ ಕೊಡುವ ಪರೀಕ್ಷೆ ಬೇಕು. ಹತ್ತು ದಿನದ ಅಂಥ ಪರೀಕ್ಷೆಗೆ 2017ರ ಒಇಸಿಡಿ 245 ಇದೆ, ಮರಿಗಳಿಗೆ ಬೇರೆಯೇ ವಿಧಾನವಿದೆ.

ಪರೀಕ್ಷೆ ಮುಗಿದ ಮೇಲೆ ಬದುಕಿದ ನೊಣಗಳನ್ನು ಪೆಟ್ಟಿಗೆಗೆ ಬಿಡಬಾರದು, ಮೈಮೇಲಿನ ಔಷಧಿ ಎರಿಗೂ ಮರಿಗಳಿಗೂ ಹೋಗುತ್ತದೆ. ಪಂಜರ ಸಮೇತ ಫ್ರೀಜರಿನಲ್ಲಿಟ್ಟು ಕೊಲ್ಲುವುದು ರೂಢಿ. ಮರದ ಡಬ್ಬಿ ರಾಸಾಯನಿಕ ಕಸಕ್ಕೆ, ಸ್ಟೀಲ್ ಪಂಜರ ಅಸಿಟೋನಿನಲ್ಲಿ ತೊಳೆದು ಆಮೇಲೆ ಸಾಬೂನಿಗೆ. ಡೈಮಿಥೋಯೇಟ್ ಮುಟ್ಟಿದ ಪಂಜರಗಳಿಗೆ ಬಣ್ಣದ ಗುರುತು ಹಾಕಿ ಬೇರೆಯೇ ಇಡಿ. ತೊಳೆದದ್ದು ಸಾಕಾಗಿದೆಯೋ ಇಲ್ಲವೋ ಎಂಬುದನ್ನು ಮುಂದಿನ ಸಲದ ನಿಯಂತ್ರಣದ ನೊಣಗಳು ಮೊದಲ ನಾಲ್ಕು ಗಂಟೆಯಲ್ಲೇ ಹೇಳಿಬಿಡುತ್ತವೆ.